ಬೂದಿ ತಿಕ್ಕಿದ ಗ್ಲಾಸು

ಹೊಳೆದಂಡೆಯ ಆ ಮಠದಲ್ಲಿ ಇದ್ದದ್ದು ಎರಡೇ ಜೀವ. ಒಬ್ಬರು ಅಜ್ಜಾರು, ಇನ್ನೊಬ್ಬ ಅವರ ಶಿಷ್ಯ ಅಡಿವೆಪ್ಪ. ಭಕ್ತರೊಬ್ಬರು ಕೊಟ್ಟ ಒಂದು ಮೋಟರ್‌ಸೈಕಲ್ಲೂ ಇತ್ತು.

ಗಾಡಿ ಬರುವ ಮುಂಚೆ ಅಡಿವೆಪ್ಪನ ಸೇವೆ ಹಿತ್ತಾಳೆ ದೀಪ ಬೆಳಗುವುದು. ಒಲೆಯ ಬೂದಿ, ತೆಂಗಿನ ನಾರು ಹಿಡಿದು ಕೂತನೆಂದರೆ ದೀಪದಲ್ಲಿ ಮುಖ ಕಾಣಬೇಕು. ಗಾಡಿ ಬಂದ ಮೇಲೆ ಅದರ ಮುಂದಿನ ಗ್ಲಾಸಿಗೂ ದಿನಾ ಅದೇ ಸೇವೆ ನಡೆಯಿತು. ಗ್ಲಾಸು ಅನ್ನುವುದು ಮಾತಿಗೆ. ಗಾಳಿ ತಡೆಯಲು ಹಾಕಿದ ಪ್ಲಾಸ್ಟಿಕ್ಕಿನ ಹಲಗೆ ಅದು.

ಒಂದು ಸಂಜೆ ಅಡಿವೆಪ್ಪ ಪೇಟೆಯಿಂದ ಬಂದವನೇ ಬೂದಿ ತಂದು ಗ್ಲಾಸು ತಿಕ್ಕತೊಡಗಿದ.

ಕಟ್ಟೆಯ ಮೇಲೆ ಕೂತಿದ್ದ ಅಜ್ಜಾರು ನೋಡಿದರು, ಕರೆಯಲಿಲ್ಲ. ಕೊನೆಗೆ ಅವನೇ ಬಂದ.

"ಅಜ್ಜಾರ, ಬಿಸಿಲು ಈ ಗ್ಲಾಸಿಗೆ ಬಿದ್ದು ಕಣ್ಣ ಕುಕ್ತೈತ್ರಿ. ಕಡಿಮಿ ಮಾಡೂದು ಹ್ಯಾಂಗ್ರಿ?"

"ಎಲ್ಲಿ ಕುಕ್ಕಿತು?"

"ಕೆರಿ ಏರಿ ದಾಟಿದ ಮ್ಯಾಲೆ, ನೆಟ್ಟಗ ರಸ್ತೇದಾಗ. ಸೂರ್ಯ ಎದುರಿಗೇ ಇದ್ದ. ಗ್ಲಾಸ್ ತುಂಬ ಬರೇ ಬೆಳ್ಳಗ. ಅಲ್ಲೇ ಹೊಲದಾಕಿ ಹೂವಕ್ಕ ರಸ್ತಿ ಮ್ಯಾಲೆ ಸಜ್ಜಿ ತೂರಾಕತ್ತಿದ್ಲು, ನನಗ ಕಾಣಲಿಲ್ಲ. ಆಕಿ ಮೊರ ಗಾಲಿಗೆ ಸಿಕ್ಕು ಮುರೀತು."

"ಮೊರ ಹಿಡಿದಾಕಿ?"

"ಒದರಿದ್ಲು. ನಾ ನಿಂದ್ರಲಿಲ್ರಿ."

"ಯಾಕ?"

"ಆ ಬೆಳಕಿನಾಗ ನಿಂತರೂ ಏನ ಕಾಣ್ತಿತ್ರಿ? ಎಲ್ಲಾ ಸೂರ್ಯನಿಂದ ಆತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನು ಬಿಟ್ಟು ನೇರ ಸೂರ್ಯನಿಗೇ ಕೈಹಾಕಿದ. ಆದರೆ ಹೂವಕ್ಕ ಬದುಕಿದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೆದರಿದ್ದ.

ಅಜ್ಜಾರು ಎದ್ದು ನಿಂತರು.

"ಗಾಡಿ ಹೊಳ್ಳಿಸು."

"ಗ್ಲಾಸಿಂದು ಏನ್ ಮಾಡ್ಲಿ ಅಜ್ಜಾರ?"

"ಅದು ಎಲ್ಲೂ ಹೋಗಂಗಿಲ್ಲ. ನೀ ಹೋಗು."

ಅಡಿವೆಪ್ಪ ಬಂದ ದಾರಿಯಲ್ಲೇ ಹೋದ. ಹೊತ್ತು ಇನ್ನೂ ಮುಳುಗಿರಲಿಲ್ಲ. ರಸ್ತೆಯ ಮೇಲೆ ಹರವಿದ ಸಜ್ಜೆ ದೂರದಿಂದಲೇ ಕಂಡಿತು. ಎರಡು ಹೋಳಾದ ಮೊರವೂ ಕಂಡಿತು. ಅದರಾಚೆ ಬೇವಿನ ಮರದ ಬುಡದಲ್ಲಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೂವಕ್ಕ ಕೂತಿದ್ದಳು. ಅವಳನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

"ಬಂದ್ಯಾ?" ಅಂದಳು ಅವಳು. "ಒದರಿ ಒದರಿ ಗಂಟಲ ಹರೀತು. ಹೊಳ್ಳಿನೂ ನೋಡಲಿಲ್ಲಲ್ಲೋ ತಮ್ಮಾ."

ಅವನು ಗಾಡಿ ನಿಲ್ಲಿಸಿ ಅವಳ ಕೈ ನೋಡಿದ. ಮಣಿಕಟ್ಟು ಮುರಿದಿತ್ತು. ಅವಳನ್ನು ಹಿಂದೆ ಕೂರಿಸಿಕೊಂಡು ನಿಧಾನವಾಗಿ ಪೇಟೆಯ ದವಾಖಾನೆಗೆ ಕರೆದೊಯ್ದ. ಕೈಗೆ ಪಟ್ಟಿ ಹಾಕಿಸಿ ಮನೆಗೆ ಬಿಟ್ಟು ಬಂದ. ಉಳಿದ ಸಜ್ಜೆಯನ್ನು ತಾನೇ ತೂರಿ ಕೊಡುವೆನೆಂದು ಮಾತು ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಅಜ್ಜಾರು ಗ್ಲಾಸು ಬಿಚ್ಚಿಸಿದರು.

"ನೆರಳಾಗ ಹಿಡಿ. ಹ್ಯಾಂಗ ಕಾಣ್ತೈತಿ?"

"ಚೊಕ್ಕ ಐತ್ರಿ."

"ಈಗ ಸೂರ್ಯಗ ಹಿಡಿ."

ಹಿಡಿದ. ಗ್ಲಾಸಿನ ತುಂಬ ಕೂದಲೆಳೆಯಂಥ ಗೀರುಗಳು, ಸುತ್ತು ಸುತ್ತಾಗಿ ಹೊಳೆದವು.

"ಇದು ಯಾರ ಕೈ?"

ಅಡಿವೆಪ್ಪ ತನ್ನ ಕೈ ನೋಡಿಕೊಂಡ.

"ನಂದ್ರಿ. ಬೂದಿ ಹಚ್ಚಿ ತಿಕ್ಕಿದ್ದು."

"ಬೂದಿ ಹಿತ್ತಾಳಿಗೆ ಚಲೋ. ಇದಕ್ಕ ನೀರು, ಮೆತ್ತನ ಅರಿವಿ ಸಾಕಾಗಿತ್ತು."

"ಕುಕ್ಕಿದಷ್ಟೂ ತಿಕ್ಕಿದೆ, ಅಜ್ಜಾರ. ತಿಕ್ಕಿದಷ್ಟೂ ಕುಕ್ಕಿತು." ಅವನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಒಂದಿಷ್ಟು ಸಮಾಧಾನವೂ ಆಯಿತು. "ಹಂಗಾದ್ರ ಸೂರ್ಯಂದಲ್ಲ, ಗ್ಲಾಸಿಂದು ತಪ್ಪು. ಹೊಸಾದು ಹಾಕಸ್ತೀನ್ರಿ. ಗೀರು ಇರದಿದ್ರ ನಿನ್ನಿ ನಾ ನಿಂದರ್ತಿದ್ದೆ. ಹೂವಕ್ಕನ್ನ ನೋಡ್ತಿದ್ದೆ."

ಅಜ್ಜಾರು ಗ್ಲಾಸನ್ನು ಅವನ ಕೈಯಿಂದ ಇಸಿದುಕೊಂಡರು.

"ನಾ ಕಳಿಸಿದಾಗ ಗಾಡೀಗೆ ಯಾವ ಗ್ಲಾಸಿತ್ತು?"

"ಇದೇ ಇತ್ರಿ."

"ಹೂವಕ್ಕ ಕಂಡಳೇನು?"

"ದೂರದಿಂದಲೇ ಕಂಡ್ಲು. ಸೂರ್ಯ ಬೆನ್ನಿಗಿದ್ದ್ರಿ."

"ಆಕಿ ಒದರಿದಾಗ ಹೊಳ್ಳಿ ನೋಡಿದ್ರೂ ಸೂರ್ಯ ಬೆನ್ನಿಗೇ ಇರ್ತಿದ್ದ, ತಮ್ಮಾ."