ಕುಂಚಿಗೆ ಬಾವಿ

ಮಾನಕೂರಿಗೆ ಬರುವ ಪ್ರವಾಸಿಗರು ಮೊದಲು ಈ ಊರನ್ನು ಬೈಯುತ್ತಾರೆ. ಹೊತ್ತು ಮುಳುಗುವ ಮೊದಲೇ ಪೇಟೆಯ ಖಾನಾವಳಿಗಳೆಲ್ಲ ಬಾಗಿಲು ಹಾಕಿದರೆ ಹಸಿದವರು ಹೊಗಳುತ್ತಾರೆಯೇ? ಇದು ಜೈನರು ಬಂದು ನೆಲೆಸಿ ಬೆಳೆಸಿದ ಪಟ್ಟಣ. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಅವರ ಜೊತೆ ಬಾಳಿದ ಉಳಿದವರಿಗೂ ಆ ರೂಢಿ ಅಂಟಿಕೊಂಡಿದೆ. ಬಸದಿಗಳ ಬೀದಿ ಹಿಡಿದು ನಡೆದರೆ ಕೊನೆಗೆ ಕರಿಕಲ್ಲಿನ ಕಟ್ಟೆಯ ಸೇದುಬಾವಿಯೊಂದು ಸಿಗುತ್ತದೆ. ಅದರ ಹೆಸರು ಕುಂಚಿಗೆ ಬಾವಿ. ಎಳೆಗೂಸಿನ ತಲೆಗೆ ಹಾಕಿ ಬೆನ್ನಿನವರೆಗೆ ಇಳಿಬಿಡುವ ಕುಂಚಿಗೆಗೂ ಬಾವಿಗೂ ಏನು ನಂಟು? ಬಾವಿಯ ಬಾಯಿ ಕುಂಚಿಗೆಯ ಆಕಾರದಲ್ಲಿದೆ ಎಂದು ಗೈಡುಗಳು ಹೇಳುತ್ತಾರೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಎಲ್ಲ ಬಾವಿಗಳಂತೆ ಅದರ ಬಾಯಿಯೂ ದುಂಡಗಿದೆ. ಗಾಳಿಮಾತಿಗೆ ಸುಂಕವಿಲ್ಲ, ಹೇಳಿಕೊಳ್ಳಲಿ. ನಮ್ಮ ಹಿರಿಯರು ಹೇಳುತ್ತಿದ್ದುದು ಬೇರೆ.

ಹಿಂದೆ ಒಮ್ಮೆ ಇದು ಒಂದೇ ಬಾವಿಯ ಸಣ್ಣ ಹಳ್ಳಿಯಾಗಿತ್ತು. ದಂಡಿನ ಹಾವಳಿಯಲ್ಲಿ ಮನೆಮಠ ಕಳೆದುಕೊಂಡ ಕೆಲವು ಜೈನ ಕುಟುಂಬಗಳು ಗಾಡಿ ಹೂಡಿಕೊಂಡು ಬಂದು ಊರಗೌಡ ರಾಯನಗೌಡನೆದುರು ಕೈಮುಗಿದು ನಿಂತವು ಎನ್ನುತ್ತಾರೆ. ಅವರ ಹಿರಿಯ ಪಾರೀಸಪ್ಪ, ಅವನ ಹೆಂಡತಿ ಜಿನ್ನವ್ವ. ಎತ್ತುಗಳು ಸೋತಿದ್ದವು, ಮುಂದೆ ಹೋಗಲು ಊರಿರಲಿಲ್ಲ. ಗೌಡ ಮನಸ್ಸಿನಿಂದ ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲೇ ಕೋಪ. ಮಳೆಗಾಲದವರೆಗೆ ಊರಂಚಿನಲ್ಲಿ ಇರಬಹುದು, ನಡತೆ ನೋಡಿ ಮುಂದಿನ ಮಾತು ಎಂದು ಅಪ್ಪಣೆ ಕೊಟ್ಟ. ಬಿಸಿಲು ಏರಿ ಬಾವಿಯ ನೀರು ತಳ ಹಿಡಿಯಿತು; ಅದರ ಬೆನ್ನಿಗೇ ಊರಿಗೆ ವಾಂತಿಭೇದಿ ಬಂತು. ಗೌಡನ ಸೊಸೆ ನೀಲವ್ವನ ಎಳೆಗೂಸು ಕೂಡ ಮಲಗಿತು.

ಆಗಲೇ ಒಂದು ಸಂಜೆ ಯಾರೋ ಜಿನ್ನವ್ವನನ್ನು ಬಾವಿಯ ಬಳಿ ಕಂಡರು. ಜೈನರು ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ತಂದರೋ ಅದೇ ಬಾವಿಗೆ ಬಿಡುತ್ತಾರೆ. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾದೀತೆಂದು, ತಳದಲ್ಲಿ ಕೊಂಡಿಯಿರುವ ತಂಬಿಗೆಯಲ್ಲಿ ನೀರಿನವರೆಗೆ ಇಳಿಸಿ, ಕೊಂಡಿಗೆ ಕಟ್ಟಿದ ಹಗ್ಗ ಎಳೆದು ಮೆಲ್ಲಗೆ ಬೋರಲು ಮಾಡುತ್ತಾರೆ. ಇದನ್ನು ಅರಿಯದ ಕಣ್ಣಿಗೆ ಕಂಡದ್ದು ಇಷ್ಟೇ: ಹೊರಗಿನವಳೊಬ್ಬಳು ನಮ್ಮ ಬಾವಿಗೆ ಏನನ್ನೋ ಕದ್ದು ಬಿಡುತ್ತಿದ್ದಾಳೆ. ಕೂಗು ಎದ್ದಿತು. ಬಡಿಗೆ ಹಿಡಿದ ಜನ ಬಾವಿಯನ್ನು ಸುತ್ತುವರಿದರು. ಗೌಡನೂ ಬಂದ. ಜಿನ್ನವ್ವ ತನ್ನ ವ್ರತವನ್ನು ಹೇಳಿದಳು. ಹುಳಕ್ಕೂ ಮರ್ಯಾದೆಯೇ ಎಂದು ಜನ ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ತಂಬಿಗೆಯ ತಳದಲ್ಲಿ ಇನ್ನೂ ಒಂದು ಗುಟುಕು ಉಳಿದಿತ್ತು. ಗೌಡ ಅದನ್ನು ಅವಳ ಮುಂದೆ ಹಿಡಿದ.

"ವಿಷ ಅಲ್ಲಂದ್ರ ಕುಡಿ. ಕುಡಿದ್ರ ನಿಮ್ಮವರು ಇಲ್ಲೇ ಇರ್ಲಿ. ಇಲ್ಲಾಂದ್ರ ಒಂದು ಗಾಡೀನೂ ಊರು ದಾಟಾಂಗಿಲ್ಲ."

ಒಂದು ಗುಟುಕು ನೀರು. ಪಾರೀಸಪ್ಪ ಹೆಂಡತಿಯ ಹತ್ತಿರ ಬಂದ. "ಕುಡಿದುಬಿಡ, ಹುಡುಗರ ಮಾರಿ ನೋಡು. ಪಾಪ ನನಗ ಬರ್ಲಿ" ಎಂದು ಬೇಡಿಕೊಂಡ. ಜಿನ್ನವ್ವ ಮಕ್ಕಳ ಮುಖ ನೋಡಿದಳು, ತಂಬಿಗೆಯನ್ನು ನೋಡಿದಳು. ಅವಳಿಗೂ ಜೀವಭಯವಿತ್ತು, ಇರಲಿಲ್ಲವೆಂದು ಹೇಳುವವರು ಅವಳನ್ನು ಕಲ್ಲು ಮಾಡುತ್ತಾರೆ. ಅಳುತ್ತಲೇ ತಲೆಯಲ್ಲಾಡಿಸಿದಳು. "ಬಾವಿ ನೀರು ಕೊಡ್ರಿ, ಸೋಸಿ ಎಷ್ಟಾದ್ರೂ ಕುಡೀತೀನಿ. ಇದ್ರಾಗ ಜೀವ ಅದಾವ, ಇದನ್ನ ಹ್ಯಾಂಗ ನುಂಗ್ಲಿ?" ವಿಷವೆಂಬುದಕ್ಕೆ ಊರಿಗೆ ಇನ್ನೇನು ಸಾಕ್ಷಿ ಬೇಕು? ಬಡಿಗೆಗಳು ಮೇಲೆದ್ದವು. ಅಷ್ಟರಲ್ಲಿ ಗುಂಪಿನ ಹಿಂದೆ ಕೂಸನ್ನು ಅವಚಿಕೊಂಡು ನಿಂತಿದ್ದ ನೀಲವ್ವ ಮುಂದೆ ಬಂದಳು.

"ಮಾವಾರ, ಕಾಣದ ಹುಳಾ ಕೊಲ್ಲಾಕ ಒಲ್ಲೆ ಅಂತ ತನ್ನ ಮಕ್ಕಳ್ನ ಪಣಕ್ಕ ಇಟ್ಟಾಳ. ಇಂಥಾಕಿ ನನ್ನ ಕೂಸಿಗೆ ವಿಷಾ ಹಾಕ್ಯಾಳೇನ್ರೀ?"

ಗೌಡ ತಂಬಿಗೆಯನ್ನು ಬಾವಿಯ ಕಟ್ಟೆಯ ಮೇಲಿಟ್ಟ. ಬಡಿಗೆಗಳು ಇಳಿದವು. ಆದರೆ ಬೆಳಗಾಗುವಷ್ಟರಲ್ಲಿ ಆ ಕೂಸು ತೀರಿಕೊಂಡಿತು.

ಈ ಸುದ್ದಿ ಕೇಳಿ ಜೈನರ ಎದೆ ನೀರಾಯಿತು. ಕೂಸೇ ಹೋದ ಮೇಲೆ ತಾಯಿಯ ಮಾತು ನಿಂತೀತೆ? ಮಣ್ಣು ಮಾಡಿ ಜನ ಮರಳುವ ಹೊತ್ತಿಗೆ ಇವರು ಗಾಡಿಗೆ ಹಾಸಿಗೆ ಪಾತ್ರೆ ಏರಿಸುತ್ತಿದ್ದರು. ಜಿನ್ನವ್ವ ಮಾತ್ರ ದಾರಿಯ ನೀರಿಗೆಂದು ಕೊಡ ಹಿಡಿದು ಬಾವಿಗೆ ಬಂದಿದ್ದಳು. ನೀಲವ್ವ ನೆಟ್ಟಗೆ ಅವಳತ್ತ ನಡೆದು ಬಂದಳು. ಮಡಿಲಿನಿಂದ ಏನನ್ನೋ ತೆಗೆದಾಗ ಜಿನ್ನವ್ವ ಕಣ್ಣು ಮುಚ್ಚಿಕೊಂಡಳು. ಅದು ಕೂಸಿನ ಕುಂಚಿಗೆ. ಅಸ್ತರಿ ಕೊಟ್ಟು ಹೊಲಿದ, ಎರಡು ಪದರದ್ದು. ನೀಲವ್ವ ಅದನ್ನು ಕೊಡದ ಬಾಯಿಗೆ ಹರವಿ, ನೀರು ಸೇದಿ, ಹನಿ ಚೆಲ್ಲದಂತೆ ಸೋಸಿದಳು. ಆಮೇಲೆ ಒದ್ದೆ ಕುಂಚಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಿನ್ನವ್ವನ ಮುಂದೆ ನಿಂತಳು.

"ಇದ್ರಾಗಿನ ಜೀವ ತಿರುಗಿ ಹ್ಯಾಂಗ ಬಿಡೂದು, ತೋರಸವ್ವಾ. ಇವಾದ್ರೂ ಬದುಕ್ಲಿ."

ಅಂದು ಗಾಡಿಗಳು ಹೊರಡಲಿಲ್ಲ. ಎತ್ತಿನ ನೊಗವನ್ನು ರಾಯನಗೌಡನೇ ಬಂದು ಬಿಚ್ಚಿದನೆಂದು ಹೇಳುತ್ತಾರೆ. ಮುಂದೆ ಬಸದಿಗಳು ಎದ್ದವು, ಪೇಟೆ ಬೆಳೆಯಿತು. ಈಗ ಊರಿನ ಮನೆಮನೆಗೂ ನಲ್ಲಿ ಬಂದಿದೆ, ಬಾವಿಯ ನೀರನ್ನು ಯಾರೂ ಕುಡಿಯುವುದಿಲ್ಲ. ಆದರೂ ಬಾವಿಯ ಕಂಬದಲ್ಲಿ ತಳಕ್ಕೆ ಕೊಂಡಿಯಿರುವ ತಂಬಿಗೆಯೊಂದು ನೇತಾಡುತ್ತಿರುತ್ತದೆ, ಅದರ ಪಕ್ಕದಲ್ಲೊಂದು ಪುಟ್ಟ ಕುಂಚಿಗೆ. ಊರಿನಲ್ಲಿ ಯಾವ ಜಾತಿಯ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ಮೊದಲ ಕುಂಚಿಗೆಯಲ್ಲಿ ಒಂದು ಕೊಡ ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಬಾವಿಗೆ ಮರಳಿಸಿ, ಕುಂಚಿಗೆಯನ್ನು ಅಲ್ಲಿ ಕಟ್ಟಿ ಬರುತ್ತಾರೆ. ನೀವು ಹೋದಾಗ ಅದು ಒದ್ದೆಯಾಗಿದ್ದರೆ, ಊರಿನಲ್ಲಿ ಎಲ್ಲೋ ಒಂದು ಕೂಸು ಹುಟ್ಟಿದೆ ಎಂದು ತಿಳಿಯಿರಿ.