ಈಚಲಿನ ಕಟ್ಟು

ಹೊಳೆದಂಡೆಯ ಮಠಕ್ಕೆ ಒಂದು ಸುಡುಬೇಸಿಗೆಯಲ್ಲಿ ಈಚಲಮರ ಬಂತು. ಆಚೆ ದಂಡೆಯಲ್ಲಿ ದಾರಿ ಅಗಲ ಮಾಡುವವರು ಅದನ್ನು ಕಡಿಯಲಿದ್ದರು. ಮಠದ ಅಜ್ಜ ಬೇರಿನ ಮಣ್ಣುಂಡೆ ಸಮೇತ ಬಂಡಿಯಲ್ಲಿ ತರಿಸಿ ಅಂಗಳದಲ್ಲಿ ನೆಡಿಸಿದರು.

ಗರಿಗಳನ್ನೆಲ್ಲ ಮೇಲಕ್ಕೆತ್ತಿ, ನಡುವಿನ ಎಳೆಸುಳಿಯ ಸುತ್ತ ಸೇರಿಸಿ, ಹಳೇ ನಾರಿನ ಹಗ್ಗದಿಂದ ಜುಟ್ಟಿನ ಹಾಗೆ ಕಟ್ಟಿದರು.

"ಅಜ್ಜಾರ, ಇದು ಮಳಿಗಾಲಕ್ಕ ತಾಳೂದಿಲ್ರಿ. ನೈಲಾನ್ ಹಗ್ಗ ಐತಿ, ತರ್ಲೇನ್ರಿ?" ಎಂದ ಶಿಷ್ಯ ಗಾದಿಲಿಂಗ.

"ಇದ ಸಾಕು. ನೀರು ನಿನ್ನ ಪಾಲು. ಕಟ್ಟು ಮುಟ್ಟಬ್ಯಾಡ."

ಗಾದಿಲಿಂಗನ ಸಂಕಟವೇ ಬೇರೆ. ಅರಳು ಹುರಿದ ಹಾಗೆ ಮಾತಾಡುವ ಹುಡುಗ, ಬಾಯಿ ತೆರೆದರೆ ಜನ ಊಟ ಮರೆಯುತ್ತಿದ್ದರು. ಮಠಕ್ಕೆ ಬಂದು ವರ್ಷವಾದರೂ ಅಜ್ಜ ಪ್ರವಚನಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ. ಮೊನ್ನೆ ಪಕ್ಕದೂರಿನವರು ಅವನನ್ನು ಕರೆಯಲು ಬಂದಾಗಲೂ "ಇನ್ನೂ ಬ್ಯಾಡ" ಎಂದುಬಿಟ್ಟರು. ಇನ್ನೊಮ್ಮೆ ಹಾಗೆಂದರೆ ಮಠ ಬಿಡುವುದೇ ಸೈ ಎಂದು ಅವನು ಜೋಳಿಗೆ ತುಂಬಿಟ್ಟಿದ್ದ.

ಒಂದು ದಿನ ಅಜ್ಜ ಬೇರೆ ಊರಿಗೆ ಹೋದರು. ಮಧ್ಯಾಹ್ನ, ಹೊಳೆಯ ಉಸುಕೆಲ್ಲ ನೀರಾಗಿ ಹರಿಯುವಂತೆ ಕಾಣುವ ಬಿಸಿಲು. ಗಾದಿಲಿಂಗ ಕೊಡದ ಪಕ್ಕದಲ್ಲೇ ತೂಕಡಿಸಿದ. ಕನಸಿನಲ್ಲಿ ಮರ ಅವನೆದುರು ಕೂತಿತ್ತು. ಅದಕ್ಕೆ ಅವನದೇ ಮುಖ.

"ಕೈ ಕಟ್ಟಿಹಾಕ್ಯಾರಪಾ, ಬಿಡಿಸು" ಎಂದಿತು.

ಎಚ್ಚರವೋ ನಿದ್ದೆಯೋ, ಏಣಿ ಹತ್ತಿ ಬಿಚ್ಚಿಬಿಟ್ಟ. ಗರಿಗಳು ಹರಡಿಕೊಂಡವು. ಅವನಿಗೂ ಎದೆ ಹಗುರಾಯಿತು.

ಮೂರೇ ದಿನ. ಬಿಸಿಗಾಳಿಗೆ ಗರಿಯ ತುದಿಗಳು ಸುಟ್ಟವು, ಸುಳಿ ಬಾಡಿತು.

ನಾಲ್ಕನೆಯ ದಿನ ಅಜ್ಜ ಬಂದರು. ಗಾದಿಲಿಂಗ ತಲೆ ತಗ್ಗಿಸಿ ನಿಂತ.

"ಬಿಚ್ಚಿದವ ನಾನ್ರಿ. ಅದರ ಸಂಕಟ ನೋಡಾಕ ಆಗ್ಲಿಲ್ಲ."

"ಅದರದೋ, ನಿಂದೋ?"

ಅಜ್ಜ ಅದೇ ಹಗ್ಗ ಹುಡುಕಿ ತಂದು, ತಾವೇ ಏಣಿ ಹತ್ತಿ, ಗರಿಗಳನ್ನು ಮತ್ತೆ ಕಟ್ಟಿದರು.

"ಬೇರಿನ್ನೂ ಈ ಮಣ್ಣು ಹಿಡಿದಿಲ್ಲ. ಬಿಸಿಲಿಗೆ ಹರವಿದ್ರ ಇಷ್ಟು ಗರಿಗೆ ಎಲ್ಲಿಂದ ನೀರು ತರಬೇಕದು?"

"ಬದುಕ್ತೈತೇನ್ರಿ?"

"ನೀರು ಹಾಕು."

ಹಾಕಿದ. ಹೊತ್ತು ಹುಟ್ಟುವಾಗ ಎರಡು ಕೊಡ, ಮುಳುಗುವಾಗ ಎರಡು ಕೊಡ, ಪಾತಿಗೆ ನಿಧಾನಕ್ಕೆ ಇಂಗುವ ಹಾಗೆ. ಮರ ಸತ್ತರೆ ಕೊಂದವನು ತಾನೇ ಎಂಬ ಹೆದರಿಕೆ ಅವನನ್ನು ಬಿಡಲಿಲ್ಲ. ಎಷ್ಟೋ ಸಲ ರಾತ್ರಿ ಕನಸಿನಲ್ಲೂ ಕೊಡ ಹೊತ್ತ. ಪಕ್ಕದೂರಿನವರು ಮತ್ತೆ ಕರೆಯಲು ಬಂದರು.

"ಈಗಾಗೂದಿಲ್ರಿ. ಮರಕ್ಕ ನೀರು ಹಾಕೂದೈತಿ" ಎಂದು ಅವನೇ ಕಳಿಸಿಬಿಟ್ಟ. ಗೂಟದಲ್ಲಿದ್ದ ಜೋಳಿಗೆಯ ಮೇಲೆ ಧೂಳು ಕೂತಿತು.

ಮಳೆ ಬಂತು. ನಾಲ್ಕು ಮಳೆ ಆದ ಮೇಲೆ ಒಂದು ಬೆಳಗ್ಗೆ ಗಾದಿಲಿಂಗ ಕೊಡ ಹೊತ್ತು ಬಂದರೆ, ಹಗ್ಗ ಪಾತಿಯಲ್ಲಿ ತುಂಡು ತುಂಡಾಗಿ ಬಿದ್ದಿತ್ತು. ಗರಿಗಳು ತಾವಾಗಿ ಬಿಚ್ಚಿಕೊಂಡಿದ್ದವು. ನಡುವೆ ಗೇಣುದ್ದದ ಹೊಸ ಹಸುರು ಸುಳಿ. ನೋಡನೋಡುತ್ತ ಅವನಿಗೆ ಅಳು ಬಂತು.

ತುಂಡುಗಳನ್ನು ಆಯ್ದುಕೊಂಡು ಅಜ್ಜನ ಹತ್ತಿರ ಓಡಿದ.

"ಅಜ್ಜಾರ, ಕಟ್ಟು ಯಾರು ಬಿಚ್ಚಿದ್ರಿ?"

ಅಜ್ಜ ಒಂದು ತುಂಡನ್ನು ಬೆರಳಲ್ಲಿ ತಿಕ್ಕಿದರು. ಕೊಳೆತ ನಾರು ಪುಡಿಪುಡಿಯಾಗಿ ಉದುರಿತು.

"ನಿನಗೂ ನಾರಿನ ಹಗ್ಗಾನ ಹಾಕೀನಿ, ತಮ್ಮಾ."