ಹುಲ್ಲು ಸುಟ್ಟವರು ಯಾರು

ಆಶ್ರಮದ ಮುಂದಿನ ಹುಲ್ಲುಹಾಸು ಅಂದರೆ ಶಿಷ್ಯ ಬಸವಂತನಿಗೆ ಪ್ರಾಣ. ಅದರ ಮೇಲೆ ಯಾರೂ ಕಾಲಿಡುವ ಹಾಗಿಲ್ಲ. ಗುರು ನಂಜಯ್ಯನವರೂ ಸುತ್ತು ಹಾಕಿಕೊಂಡೇ ಹೋಗಬೇಕು. ಹುಲ್ಲಿಗೆ ಇಷ್ಟು ದರ್ಬಾರು.

ಒಂದು ಬೆಳಿಗ್ಗೆ ನೋಡಿದರೆ ಅದೇ ಹುಲ್ಲು ಪಟ್ಟೆ ಪಟ್ಟೆಯಾಗಿ ಸುಟ್ಟು ಕಂದಿಹೋಗಿದೆ.

ಬಸವಂತ ಆಶ್ರಮದ ನಾಯಿ ಬೊಗ್ಗನ ಕೊರಳಿಗೆ ಹಗ್ಗ ಬಿಗಿದು ಗುರುಗಳ ಮುಂದೆ ಎಳೆದು ತಂದ.

"ಉಂಡ ಮನೆಗೆ ದ್ರೋಹ ಬಗೆದಿದೆ, ಗುರುಗಳೇ. ಉಚ್ಚೆ ಹೊಯ್ದು ಹೊಯ್ದು ಹುಲ್ಲೆಲ್ಲ ಸುಟ್ಟಿದೆ. ಇವತ್ತೇ ಹೊಳೆಯಾಚೆ ಬಿಟ್ಟು ಬರ್ತೀನಿ. ಇದು ಬೊಗ್ಗನದೇ ಕೆಲಸ ಅಂತ ಎಲ್ಲರಿಗೂ ಹೇಳಿಯೂ ಆಗಿದೆ."

"ಮುದಿ ನಾಯಿ. ಅಲ್ಲಿ ಅದಕ್ಕೆ ಅನ್ನ ಹಾಕೋರು ಯಾರು?"

"ಅದನ್ನ ಅದು ಮೊದಲೇ ಯೋಚಿಸಬೇಕಿತ್ತು."

ನಾಯಿ ಯೋಚಿಸಬೇಕಿತ್ತಂತೆ. ಕೇಳಿ ಇವನ ಮಾತು.

ಗುರುಗಳು ಎದ್ದು ನೇರ ಹುಲ್ಲಿನ ಮೇಲೇ ನಡೆದರು. ಬಸವಂತ ಬೇಡ ಅನ್ನುವಷ್ಟರಲ್ಲಿ ಮಂಡಿಯೂರಿ ಕೂತೇಬಿಟ್ಟರು.

"ಬಾ ಇಲ್ಲಿ. ಈ ಮೂಲೆಯಲ್ಲಿ ತಟ್ಟೆಯಗಲ ಒಣಗಿದೆ, ಸುತ್ತ ಹುಲ್ಲು ಕಡುಹಸಿರಾಗಿದೆ. ಇದು ಬೊಗ್ಗನದು, ಒಪ್ಪಿದೆ. ನಡುವಿನ ಆ ಉದ್ದುದ್ದ ಪಟ್ಟೆಗಳು ಯಾರವು?"

"ಅವೂ ಅದರವೇ."

"ನಾಯಿ ಉಚ್ಚೇನ ಕೈಯಲ್ಲಿ ಎರಚುತ್ತಾ?"



ಗುರುಗಳು ಒಣಗಿದ ಹುಲ್ಲಿನ ಬುಡದಿಂದ ಬಿಳೀ ಕಾಳೊಂದನ್ನು ಹೆಕ್ಕಿ ಬಸವಂತನ ಅಂಗೈಯಲ್ಲಿಟ್ಟರು. ಯೂರಿಯಾ.

"ಹಾಕಿದ ಮೇಲೆ ನೀರು ಬಿಟ್ಟಿದ್ದೆಯಾ?"

"ಇಲ್ಲ. ಹಬ್ಬಕ್ಕೆ ಜನ ಬರ್ತಾರೆ, ಬೇಗ ಹಸಿರಾಗಲಿ ಅಂತ ಬೊಗಸೆ ಬೊಗಸೆ ಎರಚಿದೆ. ಆಶ್ರಮದ ಹೆಸರಿಗೋಸ್ಕರ, ಗುರುಗಳೇ."

"ಸುಟ್ಟದ್ದು ಗೊಬ್ಬರ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಗುರುಗಳು ಎದ್ದು ನಿಂತರು. "ಹುಲ್ಲು ಸುಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಹುಲ್ಲು ಮತ್ತೆ ಬರುತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋಕೆ ಹೊರಟೆಯಲ್ಲ, ಅದಕ್ಕೆ ನನ್ನ ಮೈ ಉರಿಯುತ್ತಿದೆ. ಗೊತ್ತಿದ್ದೂ ಹೊರಟೆ. ಇಷ್ಟು ವರ್ಷ ನಾನು ಕಲಿಸಿದ್ದು ಇದನ್ನಾ?"

ಅವರು ಹಗ್ಗ ಬಿಚ್ಚಿದರು. ಬೊಗ್ಗ ಎಲ್ಲೂ ಓಡಲಿಲ್ಲ. ಬಸವಂತನ ಕಾಲ ಬುಡದಲ್ಲೇ ಮುದುರಿ ಮಲಗಿತು.

ಬಸವಂತನ ಕಣ್ಣಲ್ಲಿ ನೀರು ಬಂತು. "ಕ್ಷಮಿಸಿ, ಗುರುಗಳೇ."

"ನನ್ನನ್ನು ಯಾಕೆ ಕೇಳ್ತೀಯ? ಸಂಜೆ ಭಜನೆಗೆ ಎಲ್ಲರೂ ಸೇರ್ತಾರೆ. ಬೊಗ್ಗನಿಗೆ ಮಾತು ಬರೋದಿಲ್ಲ. ಅದರ ಪರವಾಗಿ ನೀನೇ ಮಾತಾಡು."